ಗೂಳಿ ಓಡಿದ ಬೀದಿ, ಟಿಕೀಟು ಕೇಳಿದ ಬಾಗಿಲು: ಸ್ಟ್ಯಾಮ್‌ಫರ್ಡ್ ಪೇಟೆಯ ವಿನೋದಗಳ ಇತಿಹಾಸ

ಇಂಗ್ಲೆಂಡಿನ ಲಿಂಕನ್‌ಶೈರ್ ಸೀಮೆಯ ದಕ್ಷಿಣದ ಅಂಚಿನಲ್ಲಿ, ವೆಲ್ಯಾಂಡ್ ನದಿಯ ದಂಡೆಗೆ ಸ್ಟ್ಯಾಮ್‌ಫರ್ಡ್ ಎಂಬ ಸಂತೆಪೇಟೆ ಇದೆ. ಲಂಡನ್ನಿನಿಂದ ಯಾರ್ಕ್‌ಗೂ ಅಲ್ಲಿಂದಾಚೆ ಸ್ಕಾಟ್ಲೆಂಡಿಗೂ ಹೋಗುವ ಗ್ರೇಟ್ ನಾರ್ತ್ ರೋಡ್ ಎಂಬ ಹೆದ್ದಾರಿ ಒಂದು ಕಾಲಕ್ಕೆ ಈ ಊರಿನ ನಡುವೆಯೇ ಹಾದುಹೋಗುತ್ತಿತ್ತು. ಸುಣ್ಣಕಲ್ಲಿನ ಹಳೆಯ ಮನೆಗಳು ಸಾಲುಸಾಲಾಗಿ ಉಳಿದಿರುವುದರಿಂದ 1967ರಲ್ಲಿ ಇಂಗ್ಲೆಂಡ್ ತನ್ನ ಮೊದಲ ಸಂರಕ್ಷಿತ ಪ್ರದೇಶವನ್ನು ಗುರುತಿಸಿದಾಗ ಆ ಮನ್ನಣೆ ಈ ಊರಿಗೆ ಸಂದಿತು. ಜಾರ್ಜ್ ಎಲಿಯಟ್ಟಳ ‘ಮಿಡ್ಲ್‌ಮಾರ್ಚ್’ ಕಾದಂಬರಿಯನ್ನು ಬಿಬಿಸಿ 1994ರಲ್ಲಿ ಧಾರಾವಾಹಿಯಾಗಿ ತೋರಿಸಿದಾಗ ಕಾದಂಬರಿಯ ಪೇಟೆಯಾಗಿ ಕಂಡದ್ದೂ ಇದೇ ಊರು. ಈ ಅಚ್ಚುಕಟ್ಟಾದ ಬೀದಿಗಳಲ್ಲಿ ಪ್ರತಿ ವರ್ಷ ನವೆಂಬರ್ 13ರಂದು ಒಂದು ಗೂಳಿಯನ್ನು ಬಿಟ್ಟು, ಇಡೀ ಊರು ಅದರ ಹಿಂದೆ ಮುಂದೆ ಓಡುತ್ತಿತ್ತು. 1839ರವರೆಗೂ ಇದು ನಡೆಯಿತು.

ಸ್ಟ್ಯಾಮ್‌ಫರ್ಡಿನ ವಿನೋದಗಳ ಕಥೆಯನ್ನು ಸಾಮಾನ್ಯವಾಗಿ ಹೀಗೆ ಹೇಳಲಾಗುತ್ತದೆ: ಮೊದಲು ಒರಟು ಆಟಗಳಿದ್ದವು, 18ನೇ ಶತಮಾನದಲ್ಲಿ ನಾಟಕಶಾಲೆ, ನೃತ್ಯಶಾಲೆ, ಪತ್ರಿಕೆ, ಪುಸ್ತಕದಂಗಡಿಗಳು ಬಂದವು, ಜನರ ಅಭಿರುಚಿ ಹದಗೊಂಡಿತು, ಒರಟು ಆಟಗಳು ತಾವಾಗಿ ಮರೆಯಾದವು. ಕಾಲಾನುಕ್ರಮವನ್ನು ಎಚ್ಚರದಿಂದ ಗಮನಿಸಿದರೆ ಈ ಕಥೆ ನಿಲ್ಲುವುದಿಲ್ಲ. ನೃತ್ಯಶಾಲೆ ಕಟ್ಟಿದ ಮೇಲೂ ನೂರು ವರ್ಷಕ್ಕಿಂತ ಹೆಚ್ಚು ಕಾಲ ಗೂಳಿ ಓಡಿತು. ನಾಟಕಶಾಲೆ ತೆರೆದ ಮೇಲೆ ಎಪ್ಪತ್ತು ವರ್ಷ ಓಡಿತು. ಎರಡೂ ಬಗೆಯ ವಿನೋದಗಳು ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಜನರ ಬದುಕಿನಲ್ಲಿ ಒಟ್ಟಿಗೆ ಬಾಳಿದವು. ಅವುಗಳ ನಡುವಿನ ನಿಜವಾದ ಅಂತರವನ್ನು ಅಭಿರುಚಿಯಲ್ಲಿ ಹುಡುಕಬಾರದು, ಆಧಾರದಲ್ಲಿ ಹುಡುಕಬೇಕು ಎಂಬುದು ಈ ಲೇಖನದ ವಾದ. ಒಂದು ವಿನೋದ ‘ಇದು ನಮ್ಮ ಹಕ್ಕು’ ಎಂಬ ನಂಬಿಕೆಯ ಮೇಲೆ ನಿಂತಿತ್ತು. ಇನ್ನೊಂದು ಚಂದಾ ಮತ್ತು ಟಿಕೀಟಿನ ಮೇಲೆ. 1840ರ ಹೊತ್ತಿಗೆ ಮೊದಲನೆಯದು ಸೋತದ್ದು ಯಾಕೆ, ಯಾರಿಂದ ಎಂಬುದನ್ನು ಊರಿನ ಲೆಕ್ಕಪತ್ರವೇ ಹೇಳುತ್ತದೆ.

ಗೂಳಿಯ ದಿನ

ಗೂಳಿ ಓಟದ ಬಗ್ಗೆ ನಮಗೆ ಸಿಗುವ ಮುಖ್ಯ ಹಳೆಯ ವಿವರಣೆ ರಿಚರ್ಡ್ ಬುಚರ್‌ನದು. ಈತ ಊರಿನ ಪುರಸಭೆಯ ಗುಮಾಸ್ತ. 1646ರಲ್ಲಿ ಅಚ್ಚಾದ ಅವನ ಸ್ಟ್ಯಾಮ್‌ಫರ್ಡ್ ಚರಿತ್ರೆಯಲ್ಲಿ ಈ ಆಚರಣೆಯ ಹುಟ್ಟಿನ ಕಥೆ ಬರುತ್ತದೆ. ಜಾನ್ ದೊರೆಯ ಕಾಲದಲ್ಲಿ, ಎಂದರೆ 1199ರಿಂದ 1216ರ ನಡುವೆ, ಊರಿನ ಒಡೆಯನಾಗಿದ್ದ ವಾರೆನ್ ಅರ್ಲ್ ಕೋಟೆಯ ಗೋಡೆಯ ಮೇಲೆ ನಿಂತಿದ್ದಾಗ ಕೆಳಗಿನ ಹುಲ್ಲುಗಾವಲಿನಲ್ಲಿ ಎರಡು ಗೂಳಿಗಳು ಕಾದಾಡುತ್ತಿದ್ದವು. ಬಿಡಿಸಲು ಹೋದ ಕಟುಕರನ್ನೂ ಅವರ ನಾಯಿಗಳನ್ನೂ ಕಂಡು ಬೆದರಿದ ಒಂದು ಗೂಳಿ ಊರೊಳಗೆ ನುಗ್ಗಿತು. ಅರ್ಲ್ ಕುದುರೆಯೇರಿ ಬೆನ್ನಟ್ಟಿದ. ಆ ದಿನದ ಆಟ ಅವನಿಗೆ ಎಷ್ಟು ಹಿಡಿಸಿತೆಂದರೆ, ಕಾದಾಟ ಶುರುವಾದ ಆ ಹುಲ್ಲುಗಾವಲನ್ನೇ ಊರಿನ ಕಟುಕರಿಗೆ ಬಿಟ್ಟುಕೊಟ್ಟ. ಷರತ್ತು ಒಂದೇ: ಪ್ರತಿ ವರ್ಷ ಕ್ರಿಸ್ಮಸ್ಸಿಗೆ ಆರು ವಾರ ಮುಂಚೆ ಅವರು ಆಟಕ್ಕೆಂದು ಒಂದು ಗೂಳಿಯನ್ನು ಒದಗಿಸಬೇಕು.

ಕಥೆ ನಿಜವೋ ಕಟ್ಟಿದ್ದೋ ಎಂಬುದಕ್ಕಿಂತ ಅದರ ಆಕಾರ ನನಗೆ ಮುಖ್ಯವಾಗಿ ಕಾಣುತ್ತದೆ. ಇದು ಉಂಬಳಿಯ ಕಥೆ. ಒಡೆಯ ಭೂಮಿ ಕೊಟ್ಟಿದ್ದಾನೆ, ಪಡೆದವರು ವರ್ಷಕ್ಕೊಮ್ಮೆ ಸೇವೆ ಸಲ್ಲಿಸಬೇಕು, ಊರಿಗೆ ಆ ಸೇವೆಯನ್ನು ಕೇಳುವ ಅಧಿಕಾರವಿದೆ. ಎಂದರೆ ಗೂಳಿ ಓಟವನ್ನು ಊರಿನವರು ಮೋಜೆಂದಷ್ಟೇ ಕಂಡಿರಲಿಲ್ಲ, ಭೂದಾಖಲೆಯ ಗಟ್ಟಿತನವುಳ್ಳ ಹಕ್ಕೆಂದು ಕಂಡಿದ್ದರು. ಬುಚರ್‌ಗೆ ಈ ಆಟದ ಬಗ್ಗೆ ಅಸಹ್ಯವೇ ಇತ್ತು. ಹಾನಿಯಲ್ಲಿ ಸಂತೋಷ ಕಾಣುವವರಿಗಷ್ಟೇ ಇದು ಸುಖ ಎಂಬ ಅರ್ಥದಲ್ಲಿ ಬರೆದಿದ್ದಾನೆ. ಆದರೂ ಹುಟ್ಟಿನ ಕಥೆಯನ್ನು ಬಿಡದೆ ದಾಖಲಿಸಿದ. ಆಟ ಬೇಡವೆನ್ನುವ ಅಧಿಕಾರಿಯೂ ಅದಕ್ಕೊಂದು ಆಧಾರವಿದೆ ಎಂಬುದನ್ನು ಅಲ್ಲಗಳೆಯಲಾಗದ ಸ್ಥಿತಿ ಅದು.

ದಿನದ ಕ್ರಮ 19ನೇ ಶತಮಾನದ ವಿವರಣೆಗಳಿಂದ ಸ್ಪಷ್ಟವಾಗುತ್ತದೆ. ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಸೇಂಟ್ ಮೇರಿ ಚರ್ಚಿನ ಗಂಟೆ ಬಾರಿಸುತ್ತಿತ್ತು. ಅದೇ ಎಚ್ಚರಿಕೆ. ಅಂಗಡಿಗಳು ಬಾಗಿಲು ಹಾಕಿಕೊಳ್ಳುತ್ತಿದ್ದವು, ಕಿಟಕಿಗಳಿಗೆ ಹಲಗೆ ಬೀಳುತ್ತಿತ್ತು, ಮಕ್ಕಳನ್ನೂ ಮುದುಕರನ್ನೂ ಒಳಗೆ ಕರೆದುಕೊಳ್ಳುತ್ತಿದ್ದರು. ಬೀದಿಯ ಎರಡೂ ತುದಿಗೆ ಗಾಡಿ, ಬಂಡಿಗಳನ್ನು ಅಡ್ಡ ನಿಲ್ಲಿಸಿ ತಡೆಯೊಡ್ಡುತ್ತಿದ್ದರು. ಹನ್ನೊಂದಕ್ಕೆ ಗೂಳಿಯನ್ನು ಬಿಡುತ್ತಿದ್ದರು. ಅದು ಸುಮ್ಮನೆ ನಿಂತರೆ ಕೆರಳಿಸುವ ಉಪಾಯಗಳಿದ್ದವು: ಟೋಪಿ ಎಸೆಯುವುದು, ಕೂಗುವುದು, ಖಾಲಿ ಪೀಪಾಯಿಯೊಳಗೆ ಒಬ್ಬ ಕುಳಿತು ಅದನ್ನು ಗೂಳಿಯತ್ತ ಉರುಳಿಸಿಕೊಂಡು ಹೋಗುವುದು. ಗೂಳಿ ಪೀಪಾಯಿಯನ್ನು ಕೊಂಬಿನಿಂದ ಎತ್ತಿ ಎಸೆದರೆ ಜನರ ಹರ್ಷ ಮುಗಿಲು ಮುಟ್ಟುತ್ತಿತ್ತು. ಕೊಂಚ ಹೊತ್ತಿನ ಮೇಲೆ ತಡೆಗಳನ್ನು ತೆಗೆದು, ಬೀದಿಯಿಂದ ಬೀದಿಗೆ ಅಟ್ಟಿಕೊಂಡು ವೆಲ್ಯಾಂಡ್ ಸೇತುವೆಗೆ ಬರುತ್ತಿದ್ದರು. ಆಟದ ತುದಿ ಇದ್ದದ್ದು ಅಲ್ಲಿ. ಎರಡೂ ಕಡೆಯಿಂದ ಒತ್ತಿ, ಕೈಗೆ ಕೈ ಸೇರಿಸಿ, ಆ ಭಾರಿ ಪ್ರಾಣಿಯನ್ನು ಸೇತುವೆಯ ಕಟ್ಟೆಯ ಮೇಲಿಂದ ನದಿಗೆ ಉರುಳಿಸಬೇಕು. ಗೂಳಿ ಈಜಿ ಹುಲ್ಲುಗಾವಲಿಗೆ ಹತ್ತಿದರೆ ಓಟ ಅಲ್ಲಿ ಮುಂದುವರಿಯುತ್ತಿತ್ತು. ಸಂಜೆ ಗೂಳಿಯನ್ನು ಕಡಿದು, ಮಾಂಸವನ್ನು ಬಡವರಿಗೆ ಅಗ್ಗದ ಬೆಲೆಗೆ ಕೊಡುತ್ತಿದ್ದರು. ಈ ಆಟದಲ್ಲಿ ಪಳಗಿದವರಿಗೆ ಊರಿನಲ್ಲಿ ‘ಬುಲ್ಲರ್ಡ್’ ಎಂಬ ಹೆಸರಿತ್ತು. ಅದನ್ನು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಪ್ರಾಣಿಗೆ ಆಗುತ್ತಿದ್ದ ಹಿಂಸೆಯನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ. ಹೆದರಿದ ಒಂದು ಜೀವವನ್ನು ಗಂಟೆಗಟ್ಟಲೆ ಅಟ್ಟಿ, ಎತ್ತರದಿಂದ ನೀರಿಗೆ ತಳ್ಳುವುದು ಕ್ರೌರ್ಯವೇ. ಆದರೆ ಈ ಆಟದ ಸಾಮಾಜಿಕ ರಚನೆಯನ್ನು ಬೇರೆಯಾಗಿ ನೋಡಬೇಕು. ಇದಕ್ಕೆ ಪ್ರವೇಶಧನವಿರಲಿಲ್ಲ, ಯಜಮಾನನಿರಲಿಲ್ಲ, ನೋಡುವವರು ಆಡುವವರು ಎಂಬ ಗೆರೆ ಗಟ್ಟಿಯಾಗಿರಲಿಲ್ಲ. ಗಂಡಸರು, ಹೆಂಗಸರು, ಮಕ್ಕಳು, ಊರಿನ ನಾಯಿಗಳು ಎಲ್ಲರೂ ಸೇರುತ್ತಿದ್ದುದನ್ನು ಬುಚರ್ ಬೇಸರದಿಂದಲೇ ಬರೆಯುತ್ತಾನೆ. ಆ ಕೆಲವು ಗಂಟೆ ಊರಿನ ಬೀದಿ, ಸೇತುವೆ, ಹುಲ್ಲುಗಾವಲು ಮೂರೂ ಸಾಮಾನ್ಯರ ವಶದಲ್ಲಿರುತ್ತಿದ್ದವು. ಇಂಗ್ಲೆಂಡಿನ ಜನಪದ ಆಟಗಳನ್ನು ಕುರಿತು ರಾಬರ್ಟ್ ಮಾಲ್ಕಮ್‌ಸನ್ 1973ರಲ್ಲಿ ಪ್ರಕಟಿಸಿದ ಗ್ರಂಥ, ಎಮ್ಮಾ ಗ್ರಿಫಿನ್ 2005ರಲ್ಲಿ ಪ್ರಕಟಿಸಿದ ಗ್ರಂಥ ಇವೆರಡೂ ಈ ಬಗೆಯ ಆಟಗಳನ್ನು ಅರ್ಥಮಾಡಿಕೊಳ್ಳಲು ಬೇಕೇಬೇಕು. ಅದರಲ್ಲೂ ಗ್ರಿಫಿನ್ ಜಾಗದ ಪ್ರಶ್ನೆಯನ್ನು, ಎಂದರೆ ಸಂತೆಮಾಳ ಯಾರದು, ಬೀದಿ ಯಾರದು ಎಂಬುದನ್ನು ಮುಂದಕ್ಕೆ ತಂದದ್ದು ಸ್ಟ್ಯಾಮ್‌ಫರ್ಡಿನ ಮಟ್ಟಿಗೆ ಬಹಳ ಉಪಯುಕ್ತ.

ಚಂದಾದಾರರ ಊರು

ಇದೇ ಊರಿನಲ್ಲಿ 1727ರಲ್ಲಿ ಆಸ್ಕ್ಯೂ ಕರ್ಕ್ ಎಂಬ ನೃತ್ಯದ ಮೇಷ್ಟ್ರು ಸೇಂಟ್ ಜಾರ್ಜ್ ಚೌಕದಲ್ಲಿ ಅಸೆಂಬ್ಲಿ ರೂಮ್ಸ್ ಎಂಬ ನೃತ್ಯಶಾಲೆ ಕಟ್ಟಿಸಿದ. ಬರ್ಲಿಂಗ್ಟನ್ ಅರ್ಲ್ ಯಾರ್ಕ್ ನಗರಕ್ಕೆ ರೂಪಿಸಿದ ಹೆಸರಾಂತ ಅಸೆಂಬ್ಲಿ ರೂಮ್ಸ್‌ಗಿಂತ ಇದು ಹಳೆಯದು. ಕಟ್ಟಿಸಿದವನು ಶ್ರೀಮಂತನಲ್ಲ, ಪಾಠ ಹೇಳಿ ಹೊಟ್ಟೆ ಹೊರೆಯುವವನು ಎಂಬುದನ್ನು ಗಮನಿಸಬೇಕು. ಸುತ್ತಲಿನ ಜಮೀನುದಾರರು, ವಕೀಲರು, ವೈದ್ಯರು, ಪಾದ್ರಿಗಳು ತಮ್ಮ ಮಕ್ಕಳಿಗೆ ಮಿನುಯೆಟ್ ಕಲಿಸಲು ಮೇಷ್ಟರಿಗೆ ಸಂಬಳ ಕೊಡುತ್ತಿದ್ದರು. ಕಲಿತದ್ದನ್ನು ತೋರಿಸಲು ಒಂದು ಜಾಗ ಬೇಕಿತ್ತು. ಮೇಷ್ಟ್ರು ಆ ಬೇಡಿಕೆಯನ್ನು ಗುರುತಿಸಿದ. ಇಂಥ ಕಡೆ ಚಂದಾ ಕೊಟ್ಟವರಿಗೆ ನೃತ್ಯ, ಚಹಾ, ಇಸ್ಪೀಟು. ಮದುವೆಗೆ ಬಂದ ಹುಡುಗ ಹುಡುಗಿಯರಿಗೆ ಹಿರಿಯರ ಕಣ್ಣೆದುರೇ ಭೇಟಿ.

ಪೀಟರ್ ಬೋರ್ಸೆ 1989ರ ತನ್ನ ಗ್ರಂಥದಲ್ಲಿ 1660ರಿಂದ 1770ರವರೆಗಿನ ಈ ಬೆಳವಣಿಗೆಯನ್ನು ಇಂಗ್ಲಿಷ್ ಪೇಟೆಗಳ ಪುನರುಜ್ಜೀವನ ಎಂದು ಕರೆದ. ಸ್ಟ್ಯಾಮ್‌ಫರ್ಡ್ ಅದಕ್ಕೆ ಹೇಳಿಮಾಡಿಸಿದ ಉದಾಹರಣೆ. 18ನೇ ಶತಮಾನದ ಎರಡನೇ ದಶಕದಲ್ಲಿ ಶುರುವಾದ ‘ಸ್ಟ್ಯಾಮ್‌ಫರ್ಡ್ ಮರ್ಕ್ಯುರಿ’ ಪತ್ರಿಕೆ ಇಂದಿಗೂ ಬರುತ್ತಿದೆ. ಬಾಲ್, ರೇಸು, ನಾಟಕ, ಹುಂಜದ ಜೂಜು ಎಲ್ಲದರ ಜಾಹೀರಾತು ಇಂಥ ಪತ್ರಿಕೆಗಳಲ್ಲಿ ಬರುತ್ತಿತ್ತು. ಪ್ರಾಚೀನ ಅವಶೇಷಗಳ ಅಧ್ಯಯನಕ್ಕೆ ಹೆಸರಾದ ವಿಲಿಯಂ ಸ್ಟೂಕ್ಲಿ 1730ರಿಂದ 1747ರವರೆಗೆ ಇಲ್ಲಿನ ಆಲ್ ಸೇಂಟ್ಸ್ ಚರ್ಚಿನ ಪಾದ್ರಿಯಾಗಿದ್ದು, 1736ರಲ್ಲಿ ಬ್ರೇಜನ್ ನೋಸ್ ಸೊಸೈಟಿ ಎಂಬ ವಿದ್ವತ್‌ಕೂಟ ಕಟ್ಟಿದ. ವಿದ್ವಾಂಸರ ಹರಟೆಯೂ ಆಗ ಸಂಘ ಕಟ್ಟಿ ನಡೆಸುವ ವಿನೋದವಾಗಿತ್ತು.

ಹೆದ್ದಾರಿ ಇಲ್ಲದಿದ್ದರೆ ಇದ್ಯಾವುದೂ ಇಷ್ಟು ದೊಡ್ಡದಾಗುತ್ತಿರಲಿಲ್ಲ. ರಸ್ತೆಗೆ ಅಡ್ಡಲಾಗಿ ತನ್ನ ಹೆಸರಿನ ತೊಲೆಯನ್ನು ಚಾಚಿ ನಿಂತಿರುವ ‘ಜಾರ್ಜ್’ ಎಂಬ ವಸತಿಗೃಹದಲ್ಲಿ ಕೋಚುಬಂಡಿಗಳು ದಿನಕ್ಕೆ ನಲವತ್ತು, ದಕ್ಷಿಣಕ್ಕೆ ಇಪ್ಪತ್ತು ಉತ್ತರಕ್ಕೆ ಇಪ್ಪತ್ತು, ನಿಂತು ಕುದುರೆ ಬದಲಿಸುತ್ತಿದ್ದವು. ಪ್ರಯಾಣಿಕರು ಕಾಯಲು ‘ಲಂಡನ್’, ‘ಯಾರ್ಕ್’ ಎಂದು ಹೆಸರಿಟ್ಟ ಎರಡು ಕೋಣೆಗಳು ಇಂದಿಗೂ ಇವೆ. ನಟರು, ಜೂಜುಗಾರರು, ಪ್ರದರ್ಶನಕಾರರು ಈ ಬಂಡಿಗಳಲ್ಲೇ ಬಂದು ಹೋಗುತ್ತಿದ್ದರು.

ನಾಟಕಶಾಲೆ 1768ರಲ್ಲಿ ಸೇಂಟ್ ಮೇರಿ ಬೀದಿಯಲ್ಲಿ, ಅಸೆಂಬ್ಲಿ ರೂಮ್ಸ್‌ನ ಪಕ್ಕದಲ್ಲೇ ತೆರೆಯಿತು. ಊರಿನಿಂದ ಊರಿಗೆ ಕ್ಯಾಂಪ್ ಹಾಕುತ್ತಾ ಬರುವ ಕಂಪನಿಗಳು ಇಲ್ಲಿ ಕೆಲವು ವಾರ ತಂಗುತ್ತಿದ್ದವು. ನಮ್ಮ ವೃತ್ತಿನಾಟಕ ಕಂಪನಿಗಳನ್ನು ಕಂಡವರಿಗೆ ಆ ಲೋಕ ಅಪರಿಚಿತವೆನಿಸದು: ಒಬ್ಬ ನಟನ ಸಹಾಯಾರ್ಥ ನಡೆಯುವ ಬೆನಿಫಿಟ್ ಆಟ, ಊರಿನ ದೊಡ್ಡವರು ತಮ್ಮ ಹೆಸರಿನಲ್ಲಿ ಆಡಿಸುವ ಆಟ, ದುರಂತ ನಾಟಕದ ಹಿಂದೆಯೇ ಒಂದು ಪ್ರಹಸನ, ನಡುವೆ ಹಾಡು. ಬಾಕ್ಸ್, ಪಿಟ್, ಗ್ಯಾಲರಿ ಎಂದು ಮೂರು ದರ. ಊರಿನ ಎಲ್ಲ ವರ್ಗಗಳೂ ಒಂದೇ ಮಾಡಿನ ಕೆಳಗೆ ಕೂರುತ್ತಿದ್ದ ಜಾಗ ಇದು. ಆದರೆ ಯಾರು ಎಲ್ಲಿ ಕೂರಬೇಕು ಎಂಬುದನ್ನು ಕೈಯಲ್ಲಿದ್ದ ಟಿಕೀಟು ತೀರ್ಮಾನಿಸುತ್ತಿತ್ತು.

ಈ ನಾಟಕಶಾಲೆಗಳು ಬಹುಕಾಲ ಕಾನೂನಿನ ಕಣ್ಣಿನಲ್ಲಿ ಅಕ್ರಮವೇ ಆಗಿದ್ದವು ಎಂಬುದನ್ನು ಮರೆಯಬಾರದು. 1737ರ ಲೈಸೆನ್ಸಿಂಗ್ ಕಾಯ್ದೆಯ ಪ್ರಕಾರ ರಾಜನ ಪರವಾನಗಿಯಿಲ್ಲದ ಕಡೆ ಹಣ ಪಡೆದು ನಾಟಕ ಆಡುವಂತಿರಲಿಲ್ಲ. ಪೇಟೆಗಳ ಕಂಪನಿಗಳು ಸಂಗೀತ ಕಛೇರಿಗೆ ಟಿಕೀಟು ಮಾರಿ ನಾಟಕವನ್ನು ‘ಉಚಿತ’ವಾಗಿ ತೋರಿಸುವಂಥ ದಾರಿಗಳನ್ನು ಹುಡುಕಿಕೊಂಡವು, ಸ್ಥಳೀಯ ನ್ಯಾಯಾಧಿಕಾರಿಗಳು ನೋಡಿಯೂ ನೋಡದಂತೆ ಇದ್ದರು. ಕೊನೆಗೆ 1788ರಲ್ಲಿ ಬಂದ ಕಾಯ್ದೆ, ಲಂಡನ್ನಿನಿಂದ ದೂರದ ಊರುಗಳಲ್ಲಿ 60 ದಿನದವರೆಗೆ ನಾಟಕಕ್ಕೆ ಪರವಾನಗಿ ಕೊಡುವ ಅಧಿಕಾರವನ್ನು ಆಯಾ ಸೀಮೆಯ ನ್ಯಾಯಾಧಿಕಾರಿಗಳಿಗೇ ವಹಿಸಿತು. ಇದೇ 1788ರಲ್ಲಿ ಸ್ಟ್ಯಾಮ್‌ಫರ್ಡಿನ ಮೇಯರ್, ಪಕ್ಕದ ಬರ್ಲಿ ಅರಮನೆಯ ಎಕ್ಸೆಟರ್ ಅರ್ಲ್‌ನ ಬೆಂಬಲದೊಂದಿಗೆ, ಗೂಳಿ ಓಟವನ್ನು ನಿಲ್ಲಿಸಲು ಮುಂದಾದ. ಒಂದು ಅಕ್ರಮಕ್ಕೆ ಪರವಾನಗಿ, ಇನ್ನೊಂದು ಹಕ್ಕಿಗೆ ನಿಷೇಧ. ಇವೆರಡನ್ನೂ ಒಂದೇ ಸಂಚಿನ ಎರಡು ಕೈಗಳೆಂದು ನಾನು ಹೇಳುವುದಿಲ್ಲ. ಅಧಿಕಾರಿಗಳ ಒಲವು ಯಾವ ಕಡೆ ವಾಲುತ್ತಿತ್ತು ಎಂಬುದು ಮಾತ್ರ ಇದರಿಂದ ಸ್ಪಷ್ಟ.

ರೇಸು, ಮತ್ತು ಒಬ್ಬ ಸ್ಥೂಲಕಾಯದ ಅತಿಥಿ

ಎರಡು ಲೋಕಗಳೂ ಬೆರೆಯುತ್ತಿದ್ದ ಜಾಗ ಊರಿನ ದಕ್ಷಿಣಕ್ಕಿದ್ದ ವಿಟರಿಂಗ್ ಹೀತ್ ಎಂಬ ಬಯಲಿನ ಕುದುರೆ ರೇಸು. ಬಯಲಿನಲ್ಲಿ ನಿಂತು ನೋಡಲು ಯಾರಿಗೂ ಅಡ್ಡಿಯಿರಲಿಲ್ಲ. ಆದರೆ 1740ರಲ್ಲಿ ಪಾರ್ಲಿಮೆಂಟು 50 ಪೌಂಡಿಗಿಂತ ಕಡಿಮೆ ಬಹುಮಾನದ ರೇಸುಗಳನ್ನು ಹೆಚ್ಚುಕಡಿಮೆ ಎಲ್ಲೆಡೆ ನಿಷೇಧಿಸಿದ್ದರಿಂದ ಹಳ್ಳಿಗಳ ಸಣ್ಣ ರೇಸುಗಳು ನೆಲಕಚ್ಚಿ, ದೊಡ್ಡವರ ಚಂದಾ ನೆರವಿದ್ದ ಸ್ಟ್ಯಾಮ್‌ಫರ್ಡಿನಂಥ ಪೇಟೆಗಳ ರೇಸುಗಳಿಗೆ ಕಳೆ ಬಂತು. ಬಡವರು ಸೋಮಾರಿಗಳಾಗುತ್ತಾರೆ ಎಂಬುದು ಆ ಕಾಯ್ದೆಗೆ ಕೊಟ್ಟ ಕಾರಣ. ರೇಸಿನ ವಾರದಲ್ಲಿ ಪೇಟೆ ತುಂಬಿ ತುಳುಕುತ್ತಿತ್ತು. ಹಗಲು ಬಯಲು, ರಾತ್ರಿ ಬಾಲ್ ಅಥವಾ ನಾಟಕ, ನಡುವೆ ಹುಂಜದ ಜೂಜು. ನೆರೆದ ಜನರನ್ನು ನಂಬಿ ಬರುವ ಪ್ರದರ್ಶನಕಾರರಿಗೂ ಅದೇ ಸುಗ್ಗಿ.

ಹಾಗೆ ಬಂದವರಲ್ಲಿ ಡೇನಿಯಲ್ ಲ್ಯಾಂಬರ್ಟ್ ಒಬ್ಬ. 1770ರಲ್ಲಿ ಲೆಸ್ಟರ್‌ನಲ್ಲಿ ಹುಟ್ಟಿ, ಅಲ್ಲಿನ ಜೈಲಿನ ಅಧಿಕಾರಿಯಾಗಿದ್ದ ಈತ ಅಸಾಧಾರಣ ಸ್ಥೂಲಕಾಯದವನು. ಜೈಲಿನ ಕೆಲಸ ಹೋದ ಮೇಲೆ ಬೇರೆ ದಾರಿ ಕಾಣದೆ 1806ರಲ್ಲಿ ಲಂಡನ್ನಿನ ಪಿಕಡಿಲಿಯಲ್ಲಿ ಮನೆ ಮಾಡಿ, ತಲಾ ಒಂದು ಷಿಲ್ಲಿಂಗ್ ಪಡೆದು ಜನರನ್ನು ಭೇಟಿಯಾಗತೊಡಗಿದ. ಬಂದವರನ್ನು ಅತಿಥಿಗಳಂತೆ ಕಂಡು, ನಾಯಿ, ಕುದುರೆ, ಬೇಟೆಗಳ ಬಗ್ಗೆ ಚೆನ್ನಾಗಿ ಮಾತಾಡುತ್ತಿದ್ದ ಸಭ್ಯನೆಂದು ಹೆಸರು ಪಡೆದ. 1809ರ ಜೂನ್ 20ರಂದು ಹಂಟಿಂಗ್ಡನ್ ಕಡೆಯಿಂದ ಸ್ಟ್ಯಾಮ್‌ಫರ್ಡಿಗೆ ಬಂದಿಳಿದ. ರೇಸಿನ ಜನ ಸೇರುವ ಹೊತ್ತು. ಸೇಂಟ್ ಮಾರ್ಟಿನ್ಸ್ ಬಡಾವಣೆಯ ‘ವ್ಯಾಗನ್ ಅಂಡ್ ಹಾರ್ಸಸ್’ ಎಂಬ ವಸತಿಗೃಹದಲ್ಲಿ ಮಹಡಿ ಹತ್ತಲಾಗದ ಕಾರಣ ನೆಲಮಟ್ಟದ ಕೋಣೆ ಹಿಡಿದಿದ್ದ. ಅದೇ ಸಂಜೆ ಹಾಸಿಗೆಯಲ್ಲಿದ್ದುಕೊಂಡೇ ‘ಮರ್ಕ್ಯುರಿ’ಯ ಮುದ್ರಕನನ್ನು ಕರೆಸಿ, ತನ್ನ ಆಗಮನದ ಕರಪತ್ರ ಅಚ್ಚುಹಾಕಲು ಹೇಳಿದ. ಮರುದಿನ ಬೆಳಿಗ್ಗೆ, ಜೂನ್ 21ರಂದು, ಹಠಾತ್ತನೆ ತೀರಿಕೊಂಡ. ತೂಕ 52 ಸ್ಟೋನ್ 11 ಪೌಂಡ್, ಎಂದರೆ ಸುಮಾರು 335 ಕಿಲೋ. ಹೆಣ ಸಾಗಿಸಲು ಕೋಣೆಯ ಕಿಟಕಿ, ಗೋಡೆಗಳನ್ನು ಒಡೆಯಬೇಕಾಯಿತು. ಎಲ್ಮ್ ಮರದ ಪೆಟ್ಟಿಗೆಗೆ ಎರಡು ಅಚ್ಚು, ನಾಲ್ಕು ಗಾಲಿ ಹೂಡಿ, ಇಳಿಜಾರಾಗಿ ತೋಡಿದ ಗುಂಡಿಯೊಳಕ್ಕೆ ಇಪ್ಪತ್ತು ಜನ ಸೇರಿ ಇಳಿಸಿದರು. ಸೇಂಟ್ ಮಾರ್ಟಿನ್ಸ್ ಚರ್ಚಿನ ಹಿಂಭಾಗದಲ್ಲಿ ಆತನ ಸಮಾಧಿ ಇದೆ.

ಲ್ಯಾಂಬರ್ಟ್‌ನ ಕಥೆಯನ್ನು ಊರಿನ ಇತಿಹಾಸಗಳು ವಿಚಿತ್ರ ಸಂಗತಿಯೆಂದು ಹೇಳಿ ಮುಂದೆ ಸಾಗುತ್ತವೆ. ನನಗೆ ಅದರಲ್ಲಿ ಆ ಕಾಲದ ವಿನೋದದ ವ್ಯವಹಾರವೆಲ್ಲ ಕಾಣುತ್ತದೆ: ರೇಸು ಜನರನ್ನು ಸೇರಿಸುತ್ತದೆ, ಹೆದ್ದಾರಿ ಪ್ರದರ್ಶನಕಾರನನ್ನು ತರುತ್ತದೆ, ಮುದ್ರಕ ಕರಪತ್ರ ಹಂಚುತ್ತಾನೆ, ವಸತಿಗೃಹ ಕೋಣೆ ಕೊಡುತ್ತದೆ, ನೋಡುವವನು ಷಿಲ್ಲಿಂಗ್ ತೆರುತ್ತಾನೆ. ಮನುಷ್ಯನ ಮೈಯೇ ಸರಕಾಗಿ ನಿಂತ ಈ ವ್ಯವಹಾರವನ್ನು ಯಾವ ನ್ಯಾಯಾಧಿಕಾರಿಯೂ ಒರಟೆಂದು ಕರೆಯಲಿಲ್ಲ.

ಕೊಳ್ಳುವ ವಿನೋದವೆಲ್ಲ ಮೇಲ್ವರ್ಗದ್ದೇ ಆಗಿತ್ತೆಂದು ತಿಳಿಯುವುದೂ ತಪ್ಪಾದೀತು. ಸಮೀಪದ ಹೆಲ್ಪ್‌ಸ್ಟನ್ ಹಳ್ಳಿಯ ಕೂಲಿಕಾರನ ಮಗ ಜಾನ್ ಕ್ಲೇರ್, ಮುಂದೆ ಕವಿಯಾಗಿ ಹೆಸರಾದವನು, ಹುಡುಗನಾಗಿದ್ದಾಗ ಜೇಮ್ಸ್ ಥಾಮ್ಸನ್‌ನ ‘ದಿ ಸೀಸನ್ಸ್’ ಕಾವ್ಯವನ್ನು ಕೊಳ್ಳಲು ಸ್ಟ್ಯಾಮ್‌ಫರ್ಡಿಗೆ ನಡೆದು ಬಂದ. ಮೊದಲ ಸಲ ಬಂದದ್ದು ಭಾನುವಾರ, ಅಂಗಡಿ ಮುಚ್ಚಿತ್ತು. ಮತ್ತೊಂದು ದಿನ ಬೆಳಗಾಗುವ ಮೊದಲೇ ಹೊರಟು, ಅಂಗಡಿ ತೆರೆಯುವುದನ್ನು ಕಾದು ಪುಸ್ತಕ ಕೊಂಡ. ಕೆಲಸದ ದಿನ ಕೂಲಿಯ ಹುಡುಗ ಓದುತ್ತಾ ನಡೆಯುವುದನ್ನು ಯಾರಾದರೂ ಕಂಡಾರೆಂಬ ಸಂಕೋಚಕ್ಕೆ ಬರ್ಲಿ ಉದ್ಯಾನದ ಗೋಡೆ ಹತ್ತಿ ಒಳಗೆ ಕುಳಿತು ಓದಿದ. ಬಿಡುವು ಎಂಬುದು ಬಡವನಿಗೆ ಕದ್ದು ಪಡೆಯಬೇಕಾದ ವಸ್ತುವಾಗಿತ್ತು ಎನ್ನಲು ಇದಕ್ಕಿಂತ ನೇರವಾದ ಸಾಕ್ಷಿ ನನಗೆ ಸಿಕ್ಕಿಲ್ಲ. ವರ್ಷಕ್ಕೊಮ್ಮೆ ನವೆಂಬರ್ 13ರಂದು ಕದಿಯದೆ, ಹೆದರದೆ, ಹಗಲಲ್ಲೇ ಸಿಗುತ್ತಿದ್ದ ಬಿಡುವಿಗೆ ಆ ಜನ ಅಷ್ಟು ಗಟ್ಟಿಯಾಗಿ ಅಂಟಿಕೊಂಡದ್ದು ಯಾಕೆಂಬುದೂ ಇಲ್ಲಿಂದ ಅರ್ಥವಾಗುತ್ತದೆ.

ಐವತ್ತು ವರ್ಷದ ಹಗ್ಗಜಗ್ಗಾಟ

1788ರ ನಿಷೇಧ ಫಲಿಸಲಿಲ್ಲ. ಮರುವರ್ಷ ಅಶ್ವದಳವನ್ನು ಕರೆಸಿದರು. ಊರಿನ ಇತಿಹಾಸಗಳು ಹೇಳುವಂತೆ, ದಳದ ಅಧಿಕಾರಿ ಬಂದು ನೋಡಿದ. ಜನ ಶಾಂತವಾಗಿ ಬೀದಿಯಲ್ಲಿ ನಡೆಯುತ್ತಿದ್ದಾರೆ, ಇಲ್ಲಿ ತನಗೇನೂ ಕೆಲಸವಿಲ್ಲ ಎಂದು ಮೇಯರ್‌ಗೆ ತಿಳಿಸಿ ಸೈನಿಕರನ್ನು ಚದುರಿಸಿದ. ಬಿಡುವು ಸಿಕ್ಕ ಸೈನಿಕರು ತಾವೂ ಆಟಕ್ಕೆ ಸೇರಿಕೊಂಡರು.

ಸ್ಟ್ಯಾಫರ್ಡ್‌ಶೈರ್‌ನ ಟಟ್‌ಬರಿ ಎಂಬ ಊರಿನಲ್ಲೂ ಇಂಥದೇ ಗೂಳಿ ಓಟವಿತ್ತು. 1778ರಲ್ಲಿ ಡೆವನ್‌ಶೈರ್ ಡ್ಯೂಕ್ ಅದನ್ನು ನಿಲ್ಲಿಸಿದ, ನಿಂತೇ ಹೋಯಿತು. ಹತ್ತು ವರ್ಷದ ನಂತರ ಸ್ಟ್ಯಾಮ್‌ಫರ್ಡಿನಲ್ಲಿ ಎಕ್ಸೆಟರ್ ಅರ್ಲ್‌ನ ಮಾತು ಯಾಕೆ ನಡೆಯಲಿಲ್ಲ? ಟಟ್‌ಬರಿಯಲ್ಲಿ ಗೂಳಿಯನ್ನು ಒದಗಿಸಬೇಕಾದವನು ಡ್ಯೂಕನೇ. ಕೊಡುವವನು ಕೈ ಹಿಂತೆಗೆದುಕೊಂಡರೆ ಆಟ ಮುಗಿಯಿತು. ಸ್ಟ್ಯಾಮ್‌ಫರ್ಡಿನಲ್ಲಾದರೋ ಗೂಳಿಯ ಖರ್ಚು ಅಷ್ಟು ಹೊತ್ತಿಗೆ ಜನರ ವಂತಿಗೆಯಿಂದ ನಡೆಯುತ್ತಿತ್ತು. ಮನೆಮನೆಯ ಕಾಸಿನಿಂದ ಬಂದ ಗೂಳಿಯನ್ನು ತಡೆಯಲು ಒಬ್ಬ ಒಡೆಯನ ಅಪ್ಪಣೆ ಸಾಲುವುದಿಲ್ಲ. ಮೇಲಾಗಿ ಬರ್ಲಿಯ ಸೆಸಿಲ್ ಮನೆತನ ಊರಿನ ಪಾರ್ಲಿಮೆಂಟ್ ಸ್ಥಾನಗಳನ್ನು ತಲೆಮಾರುಗಳಿಂದ ತನ್ನ ಮುಷ್ಟಿಯಲ್ಲಿಟ್ಟುಕೊಂಡಿತ್ತು. ಅದರ ಅಧಿಕಾರವನ್ನು ಪ್ರಶ್ನಿಸಲು ಸಾಮಾನ್ಯರಿಗೆ ಇದ್ದ ದಾರಿಗಳು ಕೆಲವೇ. ಅರ್ಲ್ ಬೇಡವೆಂದ ಗೂಳಿಯನ್ನು ಬೀದಿಗೆ ಬಿಡುವುದು ಅಂಥ ದಾರಿಗಳಲ್ಲೊಂದಾಯಿತು ಎಂದು ನನಗನ್ನಿಸುತ್ತದೆ. ಈ ಪ್ರತಿಭಟನೆಯ ಗುಣ ಊರಿನಲ್ಲಿ ಬೇರೆ ರೂಪಗಳಲ್ಲೂ ಇತ್ತು. ‘ಸ್ಟ್ಯಾಮ್‌ಫರ್ಡ್ ನ್ಯೂಸ್’ ಎಂಬ ಸುಧಾರಣಾವಾದಿ ಪತ್ರಿಕೆ ನಡೆಸುತ್ತಿದ್ದ ಜಾನ್ ಡ್ರೇಕಾರ್ಡ್, ಸೈನಿಕರಿಗೆ ಚಾಟಿಯೇಟು ಕೊಡುವ ಪದ್ಧತಿಯನ್ನು ಖಂಡಿಸುವ ಲೇಖನ ಪ್ರಕಟಿಸಿದ್ದಕ್ಕೆ 1811ರಲ್ಲಿ 18 ತಿಂಗಳ ಸೆರೆವಾಸಕ್ಕೆ ಗುರಿಯಾದ. 1822ರಲ್ಲಿ ಸ್ಟ್ಯಾಮ್‌ಫರ್ಡಿನ ಬೃಹತ್ ಚರಿತ್ರೆಯನ್ನು ಹೊರತಂದವನೂ ಅವನೇ.

ಪಾರ್ಲಿಮೆಂಟಿನಲ್ಲೂ ಚರ್ಚೆ ನಡೆಯುತ್ತಿತ್ತು. ಗೂಳಿಗಳನ್ನು ಪೀಡಿಸುವ ಆಟಗಳನ್ನು ನಿಷೇಧಿಸಲು 1800ರಲ್ಲಿ ಬಂದ ಮಸೂದೆ ಎರಡೇ ಮತಗಳಿಂದ ಬಿದ್ದುಹೋಯಿತು. ಅದನ್ನು ವಿರೋಧಿಸಿದ ವಿಲಿಯಂ ವಿಂಡಮ್‌ನ ವಾದದ ತಿರುಳು: ನರಿಯನ್ನು ಅಟ್ಟಿ ಕೊಲ್ಲುವ ಶ್ರೀಮಂತರ ಬೇಟೆಯನ್ನು ಹಾಗೇ ಬಿಟ್ಟು ಬಡವರ ಆಟಕ್ಕೆ ಮಾತ್ರ ಕಾನೂನಿನ ಕೈ ಚಾಚುವುದು ಅನ್ಯಾಯ. ಪ್ರಾಣಿಯ ನೋವಿಗೆ ಇದು ಉತ್ತರವಲ್ಲ. ಆದರೆ ಅಸಮಾನತೆಯ ಮಾತು ಸುಳ್ಳಾಗಿರಲಿಲ್ಲ.

1835 ನಿರ್ಣಾಯಕ ವರ್ಷ. ಆ ವರ್ಷ ಎರಡು ಕಾಯ್ದೆಗಳು ಬಂದವು. ಕ್ವೇಕರ್ ಪಂಥದ ಸದಸ್ಯ ಜೋಸೆಫ್ ಪೀಸ್ ಮುಂದಿಟ್ಟ ಪ್ರಾಣಿಹಿಂಸಾ ತಡೆ ಕಾಯ್ದೆ ಗೂಳಿಗಳನ್ನು ಪೀಡಿಸುವ ಆಟಗಳನ್ನು ದಂಡನೀಯವಾಗಿಸಿತು. ಪುರಸಭೆಗಳ ಕಾಯ್ದೆ, ತನ್ನ ವ್ಯಾಪ್ತಿಗೆ ಬಂದ ಪ್ರತಿಯೊಂದು ಪುರಸಭೆಯೂ ತನ್ನ ಪೊಲೀಸ್ ದಳವನ್ನು ತಾನೇ ಸಾಕಬೇಕೆಂದು ವಿಧಿಸಿತು. ಇತಿಹಾಸಕಾರರು ಮೊದಲನೆಯದನ್ನು ಮಾತ್ರ ಎತ್ತಿ ತೋರಿಸುತ್ತಾರೆ. ಸ್ಟ್ಯಾಮ್‌ಫರ್ಡಿನ ಮಟ್ಟಿಗೆ ಎರಡನೆಯದಕ್ಕೂ ಅಷ್ಟೇ ತೂಕವಿದೆ ಎಂಬುದು ನನ್ನ ಅಭಿಪ್ರಾಯ.

1824ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ್ದ ಪ್ರಾಣಿಹಿಂಸಾ ನಿವಾರಣ ಸಂಘ 1836ರಲ್ಲಿ ತನ್ನ ಜನರನ್ನು ಊರಿಗೆ ಕಳಿಸಿ ಸಾಕ್ಷ್ಯ ಕಲೆಹಾಕಿತು. ಮುಂದಿನ ವರ್ಷ ಲಿಂಕನ್‌ನ ನ್ಯಾಯಾಲಯದಲ್ಲಿ ಕೆಲವರು ತಪ್ಪಿತಸ್ಥರೆಂದು ತೀರ್ಮಾನವೂ ಆಯಿತು. ಆದರೂ 1837ರ ನವೆಂಬರಿನಲ್ಲಿ ಗೂಳಿ ಓಡಿತು. ಇನ್ನೂರಕ್ಕೂ ಹೆಚ್ಚು ವಿಶೇಷ ಪೇದೆಗಳನ್ನು ನೇಮಿಸಿದ್ದರು. ಅವರೆಲ್ಲ ಊರಿನವರೇ, ಅಕ್ಕಪಕ್ಕದ ಮನೆಯವರನ್ನು ಹಿಡಿಯುವ ಮನಸ್ಸು ಅವರಲ್ಲಿ ಹೆಚ್ಚಿನವರಿಗೆ ಇರಲಿಲ್ಲ. 1838ರಲ್ಲಿ ಅಶ್ವದಳ, ಲಂಡನ್ ಪೊಲೀಸರು ಬಂದರು. ಹೇಗೋ ಒಂದು ಗೂಳಿ ಬೀದಿಗೆ ಬಂದೇ ಬಂತು. 1839ರಲ್ಲಿ ಇನ್ನೂ ದೊಡ್ಡ ಪಡೆ. ಆಗಲೂ ಗೂಳಿಯನ್ನು ಕದ್ದು ತಂದು ಸ್ವಲ್ಪ ಹೊತ್ತಾದರೂ ಓಡಿಸಿದರು. ಬಂದೂಕು, ಕತ್ತಿ, ನ್ಯಾಯಾಲಯದ ತೀರ್ಪು ಯಾವುದೂ ಆಟವನ್ನು ನಿಲ್ಲಿಸಲಿಲ್ಲ.

ನಿಲ್ಲಿಸಿದ್ದು ಬಿಲ್ಲು. ಕೊನೆಯ ಆ ಎರಡು ವರ್ಷ ಸೈನ್ಯ ಮತ್ತು ಪೊಲೀಸರಿಗೆ ಆದ ಖರ್ಚು 600 ಪೌಂಡಿಗೂ ಮೀರಿತ್ತು, ಅದರ ಹೊರೆ ಊರಿನ ತೆರಿಗೆದಾರರ ಮೇಲೆ ಬಿತ್ತು. 1840ರ ನವೆಂಬರ್ ಸಮೀಪಿಸಿದಾಗ ಊರಿನವರೇ ಗೃಹಮಂತ್ರಿಗೆ ಮನವಿ ಬರೆದರು: ಸೈನ್ಯ ಕಳಿಸಬೇಡಿ, ಹೊರಗಿನ ಪೊಲೀಸರನ್ನು ಕಳಿಸಬೇಡಿ, ಖರ್ಚು ಹೇರಬೇಡಿ, ಗೂಳಿ ಓಡದಂತೆ ನಾವೇ ನೋಡಿಕೊಳ್ಳುತ್ತೇವೆ. ಮಾತಿನಂತೆ ನಡೆದುಕೊಂಡರು. 1840ರ ನವೆಂಬರ್ 13ರಂದು ಬೀದಿ ಖಾಲಿಯಾಗಿತ್ತು.

ಇದನ್ನು ಅನುಕಂಪದ ಗೆಲುವೆಂದು ಪೂರ್ತಿಯಾಗಿ ಹೇಳಲಾಗದು. ಸೋಲೆಂದು ಹೇಳುವುದೂ ಸರಿಯಲ್ಲ. ಗೂಳಿಗಳು ಉಳಿದವು, ಅದು ದೊಡ್ಡ ಮಾತು. ಆದರೆ ಮನಸ್ಸು ಬದಲಾದದ್ದು ಯಾರದು ಎಂದು ಕೇಳಿಕೊಳ್ಳಬೇಕು. ಬುಲ್ಲರ್ಡರದು ಬದಲಾದಂತೆ ಕಾಣುವುದಿಲ್ಲ. ಅಷ್ಟರವರೆಗೆ ವಂತಿಗೆ ಕೊಟ್ಟೋ, ಕಣ್ಣುಮುಚ್ಚಿಕೊಂಡೋ ಆಟವನ್ನು ಪೋಷಿಸಿದ್ದ ಅಂಗಡಿಕಾರರು ಮತ್ತು ಗೃಹಸ್ಥರು ಹಿಂದೆ ಸರಿದರು. ಅವರು ತೆರಿಗೆ ಕೊಡುವವರು; 1835ರ ಕಾಯ್ದೆಯಿಂದ ಪುರಸಭೆಗೆ ಮತ ಹಾಕುವವರೂ ಅವರೇ. ಹಕ್ಕು ಎಲ್ಲರದಾಗಿತ್ತು, ಖರ್ಚು ಮಾತ್ರ ಕೆಲವರ ಪಾಲಿಗೆ ಬಿತ್ತು. ಆ ಬಿರುಕಿನಲ್ಲಿ ಆಟ ಮುರಿಯಿತು. ಈ ಇಡೀ ಹೋರಾಟವನ್ನು ನಮಗೆ ತಿಳಿಸುವವರು ಗುಮಾಸ್ತ, ಪಾದ್ರಿ, ಪತ್ರಕರ್ತ, ಸಂಘದ ಕಾರ್ಯದರ್ಶಿ. ಪೀಪಾಯಿಯೊಳಗೆ ಕುಳಿತು ಉರುಳಿದವನ ಮಾತು ಈ ಬರಹಗಳಲ್ಲಿ ಇಲ್ಲ. ಈ ಕೊರತೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಆ ಬರಹಗಳನ್ನು ಓದಬೇಕು.

ಗೂಳಿ ಹೋದ ಮೇಲೆ

1842ರಲ್ಲಿ ಸೇಂಟ್ ಪೀಟರ್ಸ್ ಹಿಲ್‌ನಲ್ಲಿ, ಬ್ರಯನ್ ಬ್ರೌನಿಂಗ್ ರೂಪಿಸಿದ ಗ್ರೀಕ್ ಶೈಲಿಯ ಕಟ್ಟಡವೊಂದು ಎದ್ದಿತು. ಅದು ಊರಿನ ವೈಜ್ಞಾನಿಕ ಮತ್ತು ಸಾಹಿತ್ಯಿಕ ಸಂಸ್ಥೆಯ ಮನೆ. ಉಪನ್ಯಾಸ, ಓದುವ ಕೋಣೆ, ವಸ್ತುಸಂಗ್ರಹ: ಆ ಕಾಲದ ಸುಧಾರಕರು ಬಯಸುತ್ತಿದ್ದ ‘ವಿವೇಕದ ವಿನೋದ’. ಗೂಳಿ ನಿಂತ ಎರಡೇ ವರ್ಷಕ್ಕೆ ಇದು ಬಂದದ್ದರಿಂದ ಒಂದರ ಜಾಗಕ್ಕೆ ಇನ್ನೊಂದು ಬಂತೆಂದು ಹೇಳುವ ಆಸೆ ಹುಟ್ಟುತ್ತದೆ. ಆದರೆ ಕಟುಕನ ಆಳು ಉಪನ್ಯಾಸಕ್ಕೆ ಚಂದಾ ಕಟ್ಟಿದ್ದನೆಂದು ನಂಬುವುದು ಕಷ್ಟ.

ಚಂದಾದಾರರ ವಿನೋದಗಳಿಗೂ ದೀರ್ಘಾಯುಷ್ಯವಿರಲಿಲ್ಲ. 1846ರಲ್ಲಿ ಪೀಟರ್‌ಬರೋ ಕಡೆಯಿಂದ ರೈಲು ಬಂತು. ಆದರೆ ಉತ್ತರಕ್ಕೆ ಹೋಗುವ ಮುಖ್ಯಮಾರ್ಗ ಸ್ಟ್ಯಾಮ್‌ಫರ್ಡನ್ನು ಪಕ್ಕಕ್ಕಿಟ್ಟು ಹೋಯಿತು. ಕೋಚುಬಂಡಿಗಳು ಮಾಯವಾದವು, ಜೊತೆಗೆ ಊರೂರು ಸುತ್ತುವ ಕಂಪನಿಗಳ ಲೋಕವೂ ಕರಗಿತು. ನಾಟಕಶಾಲೆ 1871ರಲ್ಲಿ ಮುಚ್ಚಿತು. 1870ರ ದಶಕದಲ್ಲೇ ವಿಟರಿಂಗ್ ಬಯಲಿನ ರೇಸೂ ನಿಂತಿತು. ಗೂಳಿ ಓಟವನ್ನು ಸೋಲಿಸಿತೆಂದು ಹೇಳಲಾದ ನಾಗರಿಕ ವಿನೋದಗಳು ಅದರ ನಂತರ ಬದುಕಿದ್ದು ಮೂರು ದಶಕ ಮಾತ್ರ. ಊರಿನ ಉತ್ತರದ ಹೊಲಗಳಿಗೆ ಬೇಲಿ ಬಿದ್ದು ಹೊಸ ಮನೆಗಳಿಗೆ ಅವಕಾಶವಾದದ್ದೂ ಅದೇ ದಶಕದಲ್ಲಿ. ಅಷ್ಟರಲ್ಲಿ ಊರಿನ ಹುರುಪು ತಗ್ಗಿತ್ತು. ಆ ಮಂದಗತಿಯೇ ಹಳೆಯ ಕಟ್ಟಡಗಳನ್ನು ಉಳಿಸಿತು. ನಾಟಕಶಾಲೆಯ ಕಟ್ಟಡ 1978ರಲ್ಲಿ ಕಲಾಕೇಂದ್ರವಾಗಿ ಮತ್ತೆ ತೆರೆಯಿತು. ಬರ್ಲಿ ಅರಮನೆಯ ಉದ್ಯಾನದಲ್ಲಿ 1961ರಿಂದ ನಡೆಯುತ್ತಿರುವ ಕುದುರೆ ಸವಾರಿ ಸ್ಪರ್ಧೆಗೆ ಜಗತ್ತಿನ ಎಲ್ಲೆಡೆಯಿಂದ ಜನ ಬರುತ್ತಾರೆ.

ಬೀದಿಯನ್ನೇ ಆಶ್ರಯಿಸಿದ ಹಳೆಯ ವಿನೋದವೊಂದು ಮಾತ್ರ ಈಗಲೂ ಉಳಿದಿದೆ. ಈಸ್ಟರ್‌ಗೆ ಮುಂಚಿನ ಉಪವಾಸ ಕಾಲದ ನಡುವೆ ನಡೆಯುವ ಮಿಡ್-ಲೆಂಟ್ ಜಾತ್ರೆಗೆ ಇಂದಿಗೂ ಸುಮಾರು ಒಂದು ವಾರ ಬ್ರಾಡ್ ಸ್ಟ್ರೀಟ್, ಷೀಪ್ ಮಾರ್ಕೆಟ್‌ಗಳಲ್ಲಿ ವಾಹನ ಸಂಚಾರ ನಿಲ್ಲುತ್ತದೆ. ರಾಟವಾಳಗಳೂ ಅಂಗಡಿಗಳೂ ಬೀದಿ ತುಂಬುತ್ತವೆ. ಗೂಳಿ ಓಟದಂತೆ ಜಾತ್ರೆಯೂ ಹಳೆಯದು, ಅದೂ ಬೀದಿ ಕಟ್ಟುತ್ತದೆ, ಗದ್ದಲವೆಬ್ಬಿಸುತ್ತದೆ. ಆದರೆ ಇಂಗ್ಲೆಂಡಿನ ಪೇಟೆಗಳಲ್ಲಿ ಜಾತ್ರೆಯೆಂದರೆ ಮೊದಲಿಂದಲೂ ಸುಂಕ ಮತ್ತು ನೆಲಬಾಡಿಗೆ ತರುವ ವ್ಯವಸ್ಥೆ. ಗೂಳಿಯಿಂದ ಪುರಸಭೆಗೆ ಬಂದದ್ದು 600 ಪೌಂಡಿನ ಬಿಲ್ಲು.